ಕಡಲ ಹದ್ದಿನ ಗೂಡಿನ ಹತ್ತಿರ ನಾವು ನಿಂತರೆ ಅದು ಏನು ಮಾಡುತ್ತದೆ? ನೋಡಿದವರು ಬರೆಯಿರಿ

ಬನದಮನೆ | ಜನವರಿ 2

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಉಪ್ಪಳಕ್ಕೂ ಕುಂಬಳೆಗೂ ನಡುವೆ, ಕಡಲಿಗೆ ನಡೆದರೆ ಹತ್ತು ನಿಮಿಷ. ಇದಕ್ಕಿಂತ ಜಾಸ್ತಿ ವಿಳಾಸ ಹೇಳುವುದಿಲ್ಲ. ಮನೆಯ ಹಿಂದೆ ಕುಟುಂಬದ ನಾಗಬನ ಉಂಟು. ಬನದ ಅಂಚಿನ ತಾರೆ ಮರದಲ್ಲಿ ಕಡಲ ಹದ್ದಿನ ಗೂಡು. ನಾನು ಮದುವೆಯಾಗಿ ಬಂದಾಗಲೇ ಇತ್ತು. ಅತ್ತೆ ಬಂದಾಗಲೂ ಇತ್ತಂತೆ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಅದೇ ಗೂಡಿಗೆ ಹೊಸ ಕಡ್ಡಿ ಸೇರಿಸುತ್ತವೆ. ಈಗ ಒಬ್ಬ ಮನುಷ್ಯ ಕಾಲು ಮಡಚಿ ಮಲಗುವಷ್ಟು ಅಗಲ ಆಗಿದೆ.

ಮೂರು ವರ್ಷದಿಂದ ಮಕ್ಕಳ ಹಳೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಕೆಳಗೆ ಯಾರು ಹೋದರು, ಆಗ ಹಕ್ಕಿ ಏನು ಮಾಡಿತು, ಅಷ್ಟೇ. ಬರೆಯಲು ಶುರು ಮಾಡಿದ್ದು ನಮ್ಮ ಮೂರ್ತೆಯವರಿಂದ. ಅವರು ಕಳ್ಳು ತೆಗೆಯಲು ದಿನಕ್ಕೆ ಮೂರು ಹೊತ್ತು ಹತ್ತುವ ತೆಂಗಿನಮರ ಗೂಡಿನ ಮರದಿಂದ ಐವತ್ತು ಹೆಜ್ಜೆಯೂ ಇಲ್ಲ. ಮೇಲೆ ಹೋದರೆ ಗೂಡಿಗಿಂತ ಸ್ವಲ್ಪವೇ ಕೆಳಗೆ ಇರುತ್ತಾರೆ. ಹೊಂಬಾಳೆಯನ್ನು ಟಕ್ ಟಕ್ ಎಂದು ಬಡಿಯುತ್ತಾರೆ. ಕಾವಿಗೆ ಕೂತ ಹೆಣ್ಣು ಕುತ್ತಿಗೆ ಕೂಡ ತಿರುಗಿಸುವುದಿಲ್ಲ. ಒಮ್ಮೆ ಅವರಿಗೆ ಜ್ವರ ಬಂದು ಒಂದು ವಾರ ಅಳಿಯ ಬಂದ. ಅದೇ ಮರ, ಅದೇ ಹೊತ್ತು, ಅದೇ ಕತ್ತಿ. ಅವನು ಅರ್ಧ ಮರ ಹತ್ತುವ ಮೊದಲೇ ಹೆಣ್ಣು ಎದ್ದು ನಿಂತಿತು. ಗಂಡು ಎಲ್ಲಿತ್ತೋ, ಬಂದು ಮೇಲೆ ಸುತ್ತತೊಡಗಿತು. ಬಾತುಕೋಳಿ ಕೂಗಿದ ಹಾಗೆ ಅದರ ಕ್ಯಾಂಕ್ ಕ್ಯಾಂಕ್ ಕೂಗು ರಸ್ತೆಗೆ ಕೇಳುತ್ತಿತ್ತು. ಐದನೇ ದಿನಕ್ಕೆ ಎರಡೂ ಸುಮ್ಮನಾದವು. ಅವನ ಪರಿಚಯ ಆಯಿತು ಅಂತ ಕಾಣುತ್ತದೆ.

ಆಮೇಲೆ ಗಮನಿಸುತ್ತಾ ಹೋದೆ. ಮೀನಿನವರ ಸ್ಕೂಟರಿನ ಹಾರನ್‌ಗೆ ಏನೂ ಇಲ್ಲ. ಶಾಲೆ ಮಕ್ಕಳು ಗಲಾಟೆ ಮಾಡುತ್ತಾ ಹೋದರೂ ಇಲ್ಲ. ನಾನು ದನ ಕಟ್ಟಲು ಮರದ ಬುಡದಲ್ಲೇ ಹೋದರೂ ಇಲ್ಲ. ಆದರೆ ಅದೇ ನಾನು ನಡುದಾರಿಯಲ್ಲಿ ನಿಂತು ತಲೆ ಎತ್ತಿದರೆ ಸಾಕು, ಅದರ ಕುತ್ತಿಗೆ ಗೂಡಿನ ಅಂಚಿನ ಮೇಲೆ ಬರುತ್ತದೆ. ಬೆಂಗಳೂರಿನಿಂದ ಬಂದ ನೆಂಟರೊಬ್ಬರು ನೂರು ಹೆಜ್ಜೆ ದೂರದಲ್ಲಿ ಮೊಬೈಲ್ ಎತ್ತಿ ನಿಂತರು, ಹಾರಿಯೇ ಹೋಯಿತು. ಸದ್ದಿಗಿಂತ ಜಾಸ್ತಿ ನಮ್ಮ ನಿಲ್ಲುವಿಕೆ, ನಮ್ಮ ನೋಟ ಅದಕ್ಕೆ ಕಷ್ಟ ಅಂತ ನನಗೆ ಅನ್ನಿಸಿದೆ. ನಿಮ್ಮಲ್ಲಿ ಯಾರಾದರೂ ಹೀಗೆ ನೋಡಿದ್ದೀರಾ?

ಅಳಿವೆಬಾಗಿಲು | ಜನವರಿ 2

ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ದೋಣಿಯವನು. ನೀರಿನ ಮೇಲೆ ಈ ಹಕ್ಕಿಗೆ ನಮ್ಮ ಹೆದರಿಕೆಯೇ ಇಲ್ಲ. ದಡದಿಂದ ಕೈರಂಪಣಿ ಬಲೆ ಎಳೆಯುವಾಗ ಮೂವತ್ತು ಜನ ಕೂಗುತ್ತಿರುತ್ತೇವೆ, ಅದು ನಮ್ಮ ತಲೆ ಮೇಲೆಯೇ ಬಂದು ಬಲೆಯ ಹೊರಗೆ ಹಾರಿದ ಮೀನನ್ನು ಎತ್ತಿಕೊಂಡು ಹೋಗುತ್ತದೆ. ಮುಳುಗುವುದಿಲ್ಲ. ಕಾಲು ಮುಂದೆ ಚಾಚಿ, ನೀರು ಗೀರಿದ ಹಾಗೆ ಒಂದು ಎಳೆ, ಅಷ್ಟೇ. ಬಲೆಯಲ್ಲಿ ಸಿಕ್ಕಿದ ಕಡಲಹಾವನ್ನು ನಾವು ಮರಳಿಗೆ ಬಿಸಾಡಿದರೆ ಅದನ್ನೂ ಬಿಡುವುದಿಲ್ಲ. ಅದೇ ಹಕ್ಕಿಯ ಗೂಡಿನ ಹತ್ತಿರ, ದಡದ ಗಾಳಿಮರದ ಸಾಲಿನಲ್ಲಿ ನಾವು ಬಲೆ ಒಣಗಿಸಲು ನಿಂತರೆ ಮಾತ್ರ ಬೊಬ್ಬೆ ಹಾಕುತ್ತದೆ. ನಾವು ಅದೇ ಜನ, ಜಾಗ ಮಾತ್ರ ಬೇರೆ.

ಲೆನ್ಸ್ ಹೊಸಂಗಡಿ | ಜನವರಿ 3

ನನ್ನ ಅನುಭವ ಸ್ವಲ್ಪ ಬೇರೆ. ನಾನು ಎರಡು ವರ್ಷದಿಂದ ಹಕ್ಕಿಗಳ ಫೋಟೋ ತೆಗೆಯುತ್ತೇನೆ. ಕಳೆದ ಭಾನುವಾರ ಕುಂಬಳೆಯಿಂದ ದಕ್ಷಿಣಕ್ಕೆ ಒಂದು ಗೂಡಿಗೆ ಹೋಗಿದ್ದೆ. ಮರದಿಂದ ಸುಮಾರು 60 ಮೀಟರ್ ದೂರ ನಿಂತೆ. ಒಂದು ಗಂಟೆ ನಿಂತರೂ ಹಕ್ಕಿ ಹೆದರಲಿಲ್ಲ, ಕೂಗಲಿಲ್ಲ. ಬಂದು ಎದುರಿನ ಗಾಳಿಮರದ ಮೇಲೆ ಕೂತು, ಕಾಲಲ್ಲಿ ಮೀನು ಹಿಡಿದುಕೊಂಡು, ನನ್ನ ಕಡೆಗೇ ಮುಖ ಮಾಡಿ ಇತ್ತು. ಅಷ್ಟು ಚೆನ್ನಾದ ಫೋಟೋ ನನಗೆ ಈವರೆಗೆ ಸಿಕ್ಕಿಲ್ಲ. ಶಾಂತವಾಗಿ ನಿಂತರೆ ಅವಕ್ಕೆ ತೊಂದರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಬನದಮನೆ | ಜನವರಿ 3

ತಮ್ಮಾ, ಬೇಜಾರು ಮಾಡಬೇಡ, ಒಂದು ಮಾತು ಕೇಳುತ್ತೇನೆ. ಆ ಮೀನನ್ನು ಅದು ತಿಂದಿತಾ?

ಲೆನ್ಸ್ ಹೊಸಂಗಡಿ | ಜನವರಿ 3

ಇಲ್ಲ ಅಕ್ಕ. ಹಿಡಿದುಕೊಂಡೇ ಇತ್ತು.

ಬನದಮನೆ | ಜನವರಿ 3

ಹಾಗಾದರೆ ಅದು ಮರಿಗೆ ತಂದ ಮೀನು. ನೀನು ಹೋಗಲಿ ಎಂದು ಕಾಯುತ್ತಿತ್ತು. ಇಲ್ಲಿಯೂ ನೋಡಿದ್ದೇನೆ. ಜನ ನಿಂತಿರುವಾಗ ಗಂಡು ಗೂಡಿಗೆ ಬರುವುದೇ ಇಲ್ಲ. ಹಿಂದಿನ ಮರದಲ್ಲಿ ಕೂತುಕೊಳ್ಳುತ್ತದೆ. ದಾರಿ ಖಾಲಿಯಾದ ಎರಡು ನಿಮಿಷಕ್ಕೆ ಗೂಡಲ್ಲಿ ಇರುತ್ತದೆ. ಕೂಗಿದರೆ ನಮಗೆ ಗೊತ್ತಾಗುತ್ತದೆ. ಸುಮ್ನೆ ಕೂತರೆ ಅದಕ್ಕೆ ಸಮಾಧಾನ ಉಂಟು ಅಂತ ನಾವು ತಿಳಿಯುತ್ತೇವೆ.

ಲೆನ್ಸ್ ಹೊಸಂಗಡಿ | ಜನವರಿ 4

ನಿನ್ನೆ ರಾತ್ರಿ ಎಲ್ಲ ಫೋಟೋ ಮತ್ತೆ ತೆರೆದು ನೋಡಿದೆ. ಹೊತ್ತು ನೋಡುತ್ತಾ ಹೋದೆ. ಮೊದಲ ಫೋಟೋ 7.52ಕ್ಕೆ. ಮೀನಿನ ಮೈ ಒದ್ದೆ, ಬಾಲದಿಂದ ಒಂದು ಹನಿ ನೀರು ಬೀಳುತ್ತಿದೆ. ಬಂಗುಡೆ ಅಂತ ಪಟ್ಟಿಯೂ ಕಾಣುತ್ತದೆ. ಕೊನೆಯದು 8.47ಕ್ಕೆ. ಅದೇ ಮೀನು, ಬಾಲ ಒಣಗಿ ಮೇಲಕ್ಕೆ ಸುರುಟಿದೆ. ಹೊಳಪು ಹೋಗಿದೆ. ಕಣ್ಣಿನ ಹತ್ತಿರ ಎರಡು ನೊಣ. ಐವತ್ತೈದು ನಿಮಿಷ ಒಂದು ಮರಿಯ ಊಟಕ್ಕೆ ನಾನು ಅಡ್ಡ ನಿಂತಿದ್ದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಇನ್ನೂ ಒಂದು ಹೇಳಬೇಕು. ನನಗೆ ಆ ಗೂಡಿನ ಜಾಗ ಸಿಕ್ಕಿದ್ದು ಒಂದು ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಲೊಕೇಶನ್‌ನಿಂದ. ಆ ದಿನ ನನ್ನ ಮೊದಲು ಇಬ್ಬರು ಬಂದು ಹೋಗಿದ್ದರು, ನಾನು ಹೊರಡುವಾಗ ಒಂದು ಕಾರು ಬಂತು. ಅಂದರೆ ನನ್ನ ಐವತ್ತೈದು ನಿಮಿಷ ಮಾತ್ರ ಅಲ್ಲ. ಫೋಟೋಗಳನ್ನು ಎಲ್ಲೂ ಹಾಕಿಲ್ಲ, ಹಾಕುವುದೂ ಇಲ್ಲ.

ಅಳಿವೆಬಾಗಿಲು | ಜನವರಿ 4

ಒಪ್ಪಿಕೊಂಡೆಯಲ್ಲ, ದೊಡ್ಡ ಮನಸ್ಸು. ಕಡಲ ಹದ್ದಿನ ಫೋಟೋ ಬೇಕಾದರೆ ಅಳಿವೆಗೆ ಬಾ. ಇಳಿತದ ಹೊತ್ತಿಗೆ ಮೀನು ಹಿಡಿಯುವುದನ್ನೇ ತೆಗೆಯಬಹುದು. ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತೇನೆ.

ತೋಟದವ | ಜನವರಿ 5

ಎಲ್ಲರೂ ಹಕ್ಕಿಯ ಕಡೆಯಿಂದ ಹೇಳುತ್ತಿದ್ದೀರಿ. ಮರ ಇರುವ ಮನೆಯವರ ಕಷ್ಟವನ್ನೂ ಸ್ವಲ್ಪ ಕೇಳಿ. ನಮ್ಮ ತೋಟದಲ್ಲಿ ಗೂಡು ಉಂಟು, ದೊಡ್ಡ ಕಾಟುಮಾವಿನಲ್ಲಿ. ಅದರ ಒಂದು ಒಣಕೊಂಬು ದನದ ಕೊಟ್ಟಿಗೆಯ ಮೇಲೆ ಬಾಗಿದೆ. ಕೆಳಗೆಲ್ಲ ಬಿಳಿ ಹಿಕ್ಕೆ, ಮೀನಿನ ಮುಳ್ಳು. ಬಾವಿಗೆ ಮೀನಿನ ತಲೆ ಬಿದ್ದು ಮೂರು ದಿನ ನೀರು ಬಳಸಲಿಲ್ಲ. ಇಷ್ಟೆಲ್ಲ ಸಹಿಸಿದೆವು. ಅಪ್ಪ ಇರುವಾಗಿನಿಂದ ಇರುವ ಹಕ್ಕಿ, ಓಡಿಸುವ ಮನಸ್ಸು ಬರುವುದಿಲ್ಲ.

ನಮಗೆ ಸಹಿಸಲು ಆಗದ್ದು ಜನ. ಡಿಸೆಂಬರಿನಲ್ಲಿ ಒಂದು ತಂಡ ಹೇಳದೆ ಕೇಳದೆ ಗೇಟು ತೆಗೆದು ಬಂತು. ಅಡಿಕೆ ಒಣಗಿಸಿದ ಅಂಗಳದಲ್ಲಿ ಚಪ್ಪಲಿ ಹಾಕಿ ನಡೆದರು. ಒಬ್ಬ ಡ್ರೋನ್ ಹಾರಿಸಿದ. ಹದ್ದು ಅದರ ಮೇಲೆ ಎರಡು ಸಲ ಎರಗಿತು, ಅವರು ಅದನ್ನೂ ವಿಡಿಯೋ ಮಾಡಿದರು. ಕೇಳಿದ್ದಕ್ಕೆ "ಇದು ಜಿಲ್ಲೆಯ ಹಕ್ಕಿ, ನೋಡಲು ಎಲ್ಲರಿಗೂ ಹಕ್ಕುಂಟು" ಎಂದರು. ಮರವೇ ಇಲ್ಲದಿದ್ದರೆ ಇವರೂ ಬರುವುದಿಲ್ಲ ಅಂತ ಒಂದು ಕ್ಷಣ ನನ್ನ ತಲೆಗೆ ಬಂದದ್ದು ನಿಜ.

ಕಾಟುಕುಕ್ಕೆ | ಜನವರಿ 5

ಅಣ್ಣ, ನಾನು ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಅದಕ್ಕೆ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಹಕ್ಕಿ ಒಂದನೇ ಪಟ್ಟಿಯಲ್ಲಿ ಉಂಟು. ಆ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ. ಡ್ರೋನ್ ಹಾರಿಸಿದವರಿಗೆ ಹಕ್ಕಿಲ್ಲ, ತಪ್ಪು ಅವರದ್ದು. ನಿಮ್ಮ ಜಾಗಕ್ಕೆ ಒಪ್ಪಿಗೆಯಿಲ್ಲದೆ ಬಂದದ್ದು ಬೇರೆ ತಪ್ಪು. ಮುಂದಿನ ಸಲ ಗಾಡಿ ನಂಬರ್ ಬರೆದಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ.

ಬನದಮನೆ | ಜನವರಿ 5

ತೋಟದವರೇ, ನೀವು ಬಾವಿಯ ವಿಷಯ ಬರೆದದ್ದು ಒಳ್ಳೆಯದಾಯಿತು. ನಾವು ಬಾವಿಗೆ ಹಳೆ ಬೀಸುಬಲೆ ಬಿಗಿದು ಕಟ್ಟಿದ್ದೇವೆ. ಮೀನಿನ ತಲೆ ಅದರಲ್ಲಿ ನಿಲ್ಲುತ್ತದೆ. ಒಣಕೊಂಬು ಈಗ ಮುಟ್ಟಬೇಡಿ, ದಮ್ಮಯ್ಯ. ಮರಿ ಹಾರಿ, ಮಳೆ ಹಿಡಿಯುವ ಮೊದಲು ಕಡಿಸಿ. ಆಗ ಗೂಡು ಖಾಲಿ ಇರುತ್ತದೆ. ಕೊಟ್ಟಿಗೆಯೂ ಉಳಿಯುತ್ತದೆ, ಮರವೂ ಉಳಿಯುತ್ತದೆ. ಅದಕ್ಕೂ ಮೊದಲು ಇಲಾಖೆಗೆ ಒಂದು ಮಾತು ಹೇಳಿಡಿ. ಅಲ್ಲಿಯ ತನಕ ದನಗಳನ್ನು ಆಚೆ ಬದಿಗೆ ಕಟ್ಟಬಹುದಾ?

ಮೊಗ್ರಾಲ್ ಬದಿ | ಜನವರಿ 6

ಮರದ ಮಾತು ಬಂತು ಅಂತ ಹೇಳುತ್ತೇನೆ. ಹೆದ್ದಾರಿ 66 ಆರು ಪಥ ಆಗುವಾಗ ನಮ್ಮ ಕಡೆ ಎಷ್ಟು ದೊಡ್ಡ ಮರಗಳು ಹೋದವು, ಎಲ್ಲರೂ ನೋಡಿದ್ದೇವೆ. ಕಡಲಿಗೆ ಹತ್ತಿರ, ಮೇಲಿನ ಕೊಂಬು ತೆರೆದಿರುವ, ಅಷ್ಟು ಭಾರ ಹೊರುವ ಮರ ಎಲ್ಲ ಕಡೆ ಇಲ್ಲ. ಈಗ ಉಳಿದಿರುವುದು ಬನದಲ್ಲಿ, ಕಾವು ಎನ್ನುವ ದೇವರಕಾಡಿನಲ್ಲಿ, ಹಳೆ ಮನೆಗಳ ಹಿತ್ತಿಲಲ್ಲಿ. ಅಂದರೆ ಹದ್ದು ನಮ್ಮ ಹತ್ತಿರ ಬಂದದ್ದಲ್ಲ, ಮರ ಇರುವಲ್ಲಿ ಉಳಿದದ್ದು. ಕೆಲವು ಕಡೆ ಹೈಟೆನ್ಶನ್ ಟವರಿನಲ್ಲೂ ಗೂಡು ಕಟ್ಟುತ್ತವೆ. ಬೇಸಗೆಯಲ್ಲಿ ಆ ಕಬ್ಬಿಣದ ಮೇಲೆ ಮರಿಗಳಿಗೆ ನೆರಳಿನ ಒಂದು ಎಲೆಯೂ ಇಲ್ಲ.

ಟೀಚರ್ ಪೈವಳಿಕೆ | ಜನವರಿ 8

ಓದುತ್ತಾ ಇದ್ದೆ, ಈಗ ಬರೆಯುತ್ತಿದ್ದೇನೆ. ನಮ್ಮದು ಕನ್ನಡ ಮಾಧ್ಯಮ ಶಾಲೆ. 2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತ್ ಕಡಲ ಹದ್ದನ್ನು ಜಿಲ್ಲೆಯ ಹಕ್ಕಿ ಎಂದು ಘೋಷಿಸಿದ ಮೇಲೆ ಮಕ್ಕಳಿಗೆ ತುಂಬಾ ಆಸಕ್ತಿ. ಜಿಲ್ಲೆಯ ಮರ ಕಾಸರಕ ಅಂತ ಕೇಳಿ, ಊರಿನ ಹೆಸರು ಅದರಿಂದಲೇ ಬಂತಾ ಎಂದು ಒಬ್ಬಳು ಕೇಳಿದಳು. ಗರುಡನನ್ನು ನೋಡಿ ಎಲ್ಲರೂ ಕೈಮುಗಿಯುತ್ತಾರೆ, ಕಡಲ ಹದ್ದನ್ನೂ ಗರುಡ ಎಂದೇ ತಿಳಿದಿದ್ದಾರೆ. ಈಗ ವ್ಯತ್ಯಾಸ ಕಲಿತಿದ್ದಾರೆ. ಗರುಡ ಸಣ್ಣದು, ತಲೆ ಎದೆ ಬಿಳಿ, ಉಳಿದದ್ದು ಇಟ್ಟಿಗೆ ಬಣ್ಣ. ಕಡಲ ಹದ್ದು ಕೆಳಗಿನಿಂದ ಪೂರ್ತಿ ಬಿಳಿ, ರೆಕ್ಕೆಯ ಹಿಂದಿನ ಅಂಚು ಕಪ್ಪು, ಬೆನ್ನು ಬೂದು. ರೆಕ್ಕೆ ಬಿಚ್ಚಿದರೆ ಎರಡು ಮೀಟರಿನಷ್ಟು. ತೇಲುವಾಗ ರೆಕ್ಕೆ ಮೇಲಕ್ಕೆ ಎತ್ತಿರುತ್ತದೆ, ಬಾಲ ಗಿಡ್ಡ, ಬೆಣೆಯ ಹಾಗೆ. ಮರಿ ಮಾತ್ರ ಕಂದು. ಅದು ಬಿಳಿ ಆಗಲು ನಾಲ್ಕೈದು ವರ್ಷ ಬೇಕು.

ನಲವತ್ತು ಮಕ್ಕಳನ್ನು ಒಂದು ಗೂಡಿನ ಹತ್ತಿರ ಕರೆದುಕೊಂಡು ಹೋಗುವ ಆಸೆ ಇತ್ತು. ಮೇಲಿನದ್ದೆಲ್ಲ ಓದಿ ಈಗ ಬೇಡ ಅನ್ನಿಸುತ್ತಿದೆ. ಆದರೆ ಮಕ್ಕಳಿಗೆ ತೋರಿಸದೆ ಪ್ರೀತಿ ಹೇಗೆ ಬರುತ್ತದೆ?

ಬನದಮನೆ | ಜನವರಿ 8

ಟೀಚರೇ, ಪ್ರಶ್ನೆ ಸರಿಯಾದದ್ದೇ. ಗೂಡಿಗೆ ಕರೆತರುವುದಾದರೆ ಜೂನ್ ತಿಂಗಳಲ್ಲಿ ಬನ್ನಿ, ಮಳೆ ಇಲ್ಲದ ಒಂದು ಬೆಳಿಗ್ಗೆ. ಖಾಲಿ ಗೂಡು, ಕೆಳಗೆ ಬಿದ್ದ ಗರಿ, ಮುಳ್ಳು, ಏಡಿಯ ಚಿಪ್ಪು ಎಲ್ಲ ನಾನೇ ತೋರಿಸುತ್ತೇನೆ. ಹಕ್ಕಿಯನ್ನು ಅಳಿವೆಯಲ್ಲಿ ತೋರಿಸಿ.

ಒಂದು ಲೆಕ್ಕ ಮಕ್ಕಳಿಗೆ ಹೇಳಿ. ಈ ವರ್ಷ ನಮ್ಮ ಹೆಣ್ಣು ಕಾವಿಗೆ ಕೂತದ್ದು ನವೆಂಬರ್ 9ಕ್ಕೆ. ಸುಮಾರು ನಲವತ್ತು ದಿನ ಕಾವು. ಡಿಸೆಂಬರ್ 20ಕ್ಕೆ ಗಂಡು ಮೀನನ್ನು ತುಂಡು ತುಂಡು ಮಾಡಿ ಗೂಡಿನ ಒಳಗೆ ಕೊಡುವುದು ಕಂಡಿತು. ಮೊಟ್ಟೆ ಒಡೆದದ್ದು ಆಗ ಗೊತ್ತಾಯಿತು. ಇಲ್ಲಿಂದ ಮರಿ ಹಾರಲು ಎಪ್ಪತ್ತೋ ಎಂಬತ್ತೋ ದಿನ. ಸಾಮಾನ್ಯವಾಗಿ ಎರಡು ಮೊಟ್ಟೆ, ಹೆಚ್ಚಾಗಿ ಬೆಳೆಯುವುದು ಒಂದೇ. ನಾಲ್ಕು ತಿಂಗಳ ಕೆಲಸ ಪೂರ್ತಿ ಆ ಒಂದು ಮರಿಯ ಮೇಲೆ ನಿಂತಿರುತ್ತದೆ.

ಈ ನಾಲ್ಕು ತಿಂಗಳಲ್ಲಿ ನಮ್ಮಿಂದ ಆಗುವ ಕೇಡು ಒಂದೊಂದು ಹೊತ್ತಿಗೆ ಒಂದೊಂದು ಥರ. ಕಾವಿನ ಮೊದಲ ದಿನಗಳಲ್ಲಿ ತೊಂದರೆ ಜಾಸ್ತಿಯಾದರೆ ಗೂಡನ್ನೇ ಬಿಟ್ಟು ಹೋಗುತ್ತವೆ. ಹೆಣ್ಣು ಅರ್ಧ ಗಂಟೆ ಎದ್ದಿದ್ದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆ ಬರುತ್ತದೆ. ಸಣ್ಣ ಮರಿಗೂ ಹಾಗೆಯೇ. ಮಧ್ಯಾಹ್ನ ತಾಯಿ ರೆಕ್ಕೆ ಅರ್ಧ ಬಿಚ್ಚಿ ಕೊಡೆ ಹಿಡಿದ ಹಾಗೆ ನಿಂತಿರುತ್ತದೆ. ಅದು ಹಾರಿದರೆ ಮರಿಗೆ ನೆರಳಿಲ್ಲ. ಕೊನೆಯ ಎರಡು ವಾರದಲ್ಲಿ ಬೇರೆಯೇ ಅಪಾಯ. ಮರಿ ದೊಡ್ಡದಾಗಿರುತ್ತದೆ, ಆದರೆ ಹಾರಲು ಬರುವುದಿಲ್ಲ. ಬೆದರಿದರೆ ಗೂಡಿನಿಂದ ಕೆಳಗೆ ಜಿಗಿದುಬಿಡುತ್ತದೆ.

ಟೀಚರ್ ಪೈವಳಿಕೆ | ಜನವರಿ 9

ಜೂನ್ ಎಂದು ಡೈರಿಯಲ್ಲಿ ಬರೆದೆ. ಮಕ್ಕಳಿಗೆ ನಿಲ್ಲದೆ ನೋಡುವುದನ್ನು ಈಗಲೇ ಕಲಿಸುತ್ತೇನೆ. ನಡೆಯುತ್ತಾ, ಮಾತಾಡುತ್ತಾ, ಓರೆಗಣ್ಣಿನಲ್ಲಿ.

ಶಾರ್ಜಾದಲ್ಲಿರುವ ಮಂಜೇಶ್ವರದವ | ಜನವರಿ 14

ನಾನು ಇಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಸಿಡ್ನಿಯ ಗೂಡನ್ನು ನೋಡುತ್ತಿರುತ್ತೇನೆ. ಅಲ್ಲಿಯ ಒಲಿಂಪಿಕ್ ಪಾರ್ಕಿನ ಕಾಡಿನಲ್ಲಿ ಇದೇ ಜಾತಿಯ ಹದ್ದಿನ ಗೂಡು ಉಂಟು, ನೀಲಗಿರಿ ಮರದಲ್ಲಿ. ಕ್ಯಾಮೆರಾ ಇಟ್ಟಿದ್ದಾರೆ, ಜಗತ್ತಿನ ಎಲ್ಲಿಂದ ಬೇಕಾದರೂ ನೋಡಬಹುದು. ಅಲ್ಲಿ ಮೊಟ್ಟೆ ಇಡುವುದು ಜೂನ್ ಹೊತ್ತಿಗೆ, ಅವರ ಚಳಿಗಾಲ. ಮರಿ ಹಾರಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಕರ್ರವಾಂಗ್ ಎಂಬ ಕಪ್ಪು ಹಕ್ಕಿಗಳು ಆ ಮರಿಯನ್ನು ಅಟ್ಟಿಸಿಕೊಂಡು ಹೋಗಿ ಗೂಡಿನಿಂದ ದೂರ ಮಾಡುತ್ತವೆ. ತಂದೆತಾಯಿ ಕಣ್ಣಿಗೆ ಬೀಳದಿದ್ದರೆ ಅದಕ್ಕೆ ಊಟವಿಲ್ಲ. ನಮ್ಮಲ್ಲಿಯೂ ಕ್ಯಾಮೆರಾ ಇಟ್ಟರೆ ಯಾರೂ ಮರದ ಕೆಳಗೆ ಬರಬೇಕಾಗಿಲ್ಲ ಅಲ್ವಾ?

ಬನದಮನೆ | ಜನವರಿ 14

ಇಟ್ಟರೆ ಒಳ್ಳೆಯದೇ. ಆದರೆ ಗೂಡು ಖಾಲಿ ಇರುವ ತಿಂಗಳಲ್ಲಿ ಇಡಬೇಕು, ಇಲಾಖೆಯ ಒಪ್ಪಿಗೆ ಬೇಕು, ನಮ್ಮದು ನಾಗಬನ ಆದ್ದರಿಂದ ಮರ ಹತ್ತುವ ಮೊದಲು ತಂತ್ರಿಗಳನ್ನು ಕೇಳಬೇಕು. ನೋಡೋಣ. ಕರ್ರವಾಂಗಿನ ಕೆಲಸ ಇಲ್ಲಿ ಕಾಗೆಗಳು ಮಾಡುತ್ತವೆ. ಹೊಸತಾಗಿ ಹಾರಿದ ಮರಿ ಗದ್ದೆಯಲ್ಲಿ ಕೂತದ್ದು ಕಂಡರೆ ಎತ್ತಿಕೊಂಡು ಬರಬೇಡಿ. ನಾಯಿ ಕಟ್ಟಿ, ದೂರ ಇರಿ. ರೆಕ್ಕೆ ಮುರಿದದ್ದು ಕಂಡರೆ ಮಾತ್ರ ಇಲಾಖೆಗೆ ಹೇಳಿ.

ಭಟ್ಕಳ ಬಂದರು | ಜನವರಿ 15

ನಮ್ಮ ಕಡೆ ಮುರುಡೇಶ್ವರದ ಎದುರು ನೇತ್ರಾಣಿ ದ್ವೀಪದಲ್ಲಿ ಈ ಹದ್ದುಗಳು ಒಟ್ಟೊಟ್ಟಿಗೆ ಗೂಡು ಕಟ್ಟುತ್ತವೆ. ನೌಕಾಪಡೆಯವರು ಆ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಬಳಸುತ್ತಿದ್ದುದು ಎಲ್ಲರಿಗೂ ಗೊತ್ತು. ಈಗ ಡೈವಿಂಗಿಗೆ ಬರುವ ದೋಣಿಗಳೂ ಜಾಸ್ತಿ. ಬೊಬ್ಬೆಗೆ ಹದ್ದು ಒಗ್ಗಿಕೊಳ್ಳುತ್ತದೆ ಅಂತ ಕೆಲವರು ಹೇಳುತ್ತಾರೆ. ಒಗ್ಗಿಕೊಂಡವು ಉಳಿದಿವೆ, ಉಳಿದವು ಎಲ್ಲಿ ಹೋದವು ಅಂತ ಯಾರು ಹೇಳಬೇಕು?

ಕೋಲ ಸಮಿತಿ | ಜನವರಿ 27

ಅತ್ತಿಗೆ, ನಿಮ್ಮ ಬರಹ ನಿನ್ನೆಯಷ್ಟೇ ಓದಿದೆ. ಫೆಬ್ರವರಿ 20ಕ್ಕೆ ನಮ್ಮ ದೈವಸ್ಥಾನದ ಕೋಲ ಅಲ್ವಾ. ಈ ಸಲ ದುಬೈಯವರ ಲೆಕ್ಕದಲ್ಲಿ ಬೆಡಿ (ಬಾಣಬಿರುಸು) ದೊಡ್ಡದಾಗಿ ಮಾಡುವುದೆಂದು ತೀರ್ಮಾನ ಆಗಿದೆ. ನೀವು ಮರಿಯ ಲೆಕ್ಕ ಹೇಳಿದ್ದು ನೋಡಿದರೆ ಆ ದಿನಕ್ಕೆ ಅದು ಎರಡು ತಿಂಗಳದ್ದು. ಜಿಗಿಯುವ ಪ್ರಾಯ. ಏನು ಮಾಡುವುದು?

ಹಳೆಕ್ರಮ | ಜನವರಿ 27

ಕೋಲ ನೂರಾರು ವರ್ಷದಿಂದ ಉಂಟು, ಹದ್ದೂ ಉಂಟು. ಟಾಸೆ, ಚೆಂಡೆ, ದೊಂದಿ ಎಲ್ಲ ಇದ್ದೂ ಅದು ಗೂಡು ಬಿಟ್ಟು ಹೋಗಿಲ್ಲ. ಒಂದು ಹಕ್ಕಿಗೋಸ್ಕರ ದೈವದ ಕೆಲಸದಲ್ಲಿ ಬದಲಾವಣೆ ಮಾಡುವುದು ಸರಿಯಾ?

ಬನದಮನೆ | ಜನವರಿ 28

ಇದನ್ನು ಬರೆಯಬಾರದು ಅಂತಿದ್ದೆ. ಈಗ ಬರೆಯುತ್ತೇನೆ.

ಮಾವ ಹೇಳುತ್ತಿದ್ದರು, ಮೊದಲು ಕೋಲಕ್ಕೆ ನೆಲದಲ್ಲೇ ಸಿಡಿಯುವ ಕದಿನ ಒಂದೋ ಎರಡೋ, ಮತ್ತೆ ವಾದ್ಯ, ದೊಂದಿಯ ಬೆಳಕು. ಅದು ನಿಧಾನವಾಗಿ ಏರುವ ಸದ್ದು. ಹದ್ದಿಗೆ ಅದು ಪರಿಚಯ. ಆಕಾಶದಲ್ಲಿ ಒಡೆಯುವ ಬೆಡಿ ಬಂದದ್ದು ಇತ್ತೀಚೆಗೆ. ಕಳೆದ ವರ್ಷ ರಾತ್ರಿ ಒಂದು ಗಂಟೆಗೆ ಬೆಡಿ ಬಿಟ್ಟರು. ಗೂಡಿನ ಎತ್ತರಕ್ಕೇ ಹೋಗಿ ಒಡೆಯಿತು. ಬೆಳಿಗ್ಗೆ ಆರಕ್ಕೆ ದನ ಕಟ್ಟಲು ಹೋದಾಗ ಮರಿ ಕೇದಗೆಯ ಪೊದೆಯಲ್ಲಿ ಇತ್ತು. ರೆಕ್ಕೆಯ ದೊಡ್ಡ ಗರಿಗಳು ಇನ್ನೂ ಅರ್ಧ ಕೊಳವೆಯೊಳಗೆ ಇದ್ದವು, ಹೊಸ ಕೊಡೆಯ ಕಡ್ಡಿಯ ಹಾಗೆ. ಬಾಯಿ ತೆರೆದು ನನ್ನನ್ನು ನೋಡಿತು, ಕೂಗಲಿಲ್ಲ. ಎದೆಗೆ ಪೆಟ್ಟಾಗಿತ್ತು. ಇಲಾಖೆಯವರು ಬಂದು ತೆಗೆದುಕೊಂಡು ಹೋದರು, ಎರಡನೇ ದಿನ ಸತ್ತಿತು. ತಂದೆತಾಯಿ ಮೂರು ದಿನ ಖಾಲಿ ಗೂಡಿಗೆ ಮೀನು ತಂದು ಇಟ್ಟವು. ಇಡುವುದು, ಸುತ್ತ ನೋಡುವುದು, ಕೂಗುವುದು. ನಾಲ್ಕನೇ ದಿನ ಮೀನು ತರಲಿಲ್ಲ.

ಆ ನಾಲ್ಕು ದಿನದ ಪುಟದಲ್ಲಿ ನಾನು ಹೊತ್ತು ಮಾತ್ರ ಬರೆದಿದ್ದೇನೆ, ಬೇರೆ ಏನೂ ಬರೆಯಲು ಆಗಲಿಲ್ಲ.

ಕೋಲ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ನನಗೂ ದೈವದ ಭಯ ಭಕ್ತಿ ಉಂಟು. ಮೊದಲು ಹೇಗಿತ್ತೋ ಹಾಗೆ ಮಾಡಿ ಅಂತ ಕೇಳುತ್ತೇನೆ.

ಹಳೆಕ್ರಮ | ಜನವರಿ 28

ಇದು ನನಗೆ ಗೊತ್ತಿರಲಿಲ್ಲ ಅಕ್ಕ. ಬೆಡಿ ಹಳೆ ಕ್ರಮ ಅಲ್ಲ, ಅದು ಸತ್ಯ. ಸ್ಥಾನದ ಹಿರಿಯರಾದ ಗುರಿಕಾರರ ಹತ್ತಿರ ನಾನೂ ಬರುತ್ತೇನೆ.

ಕೋಲ ಸಮಿತಿ | ಫೆಬ್ರವರಿ 4

ನಿನ್ನೆ ರಾತ್ರಿ ಎರಡು ಗಂಟೆ ಮಾತಾಯಿತು. ಮೊದಲು ಒಪ್ಪಲಿಲ್ಲ. ದುಡ್ಡು ಕೊಟ್ಟವರಿಗೆ ಏನು ಹೇಳುವುದು ಅಂತ ಒಬ್ಬರು, ಮುಂದಿನ ವರ್ಷದಿಂದ ನೋಡುವ ಅಂತ ಇನ್ನೊಬ್ಬರು. ಕೊನೆಗೆ ಗುರಿಕಾರರು, ಬನದ ಮರದಲ್ಲಿ ಇರುವುದು ಬನಕ್ಕೆ ಸೇರಿದ್ದು ಎಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಮೇಲೆ ಹೋಗಿ ಒಡೆಯುವ ಬೆಡಿ ಇಲ್ಲ. ಕದಿನ ಎರಡು, ಅದೂ ರೈಲುಹಳಿಯ ಆಚೆ ಗದ್ದೆಯಲ್ಲಿ. ಫ್ಲಡ್‌ಲೈಟ್ ಮರದ ಕಡೆಗೆ ತಿರುಗಿಸುವುದಿಲ್ಲ. ಉಳಿದ ದುಡ್ಡು ಅನ್ನದಾನಕ್ಕೆ.

ತೋಟದವ | ಫೆಬ್ರವರಿ 11

ಬಾವಿಗೆ ಬಲೆ ಕಟ್ಟಿದೆ. ದನ ಆಚೆ ಬದಿಗೆ. ಗೇಟಿಗೆ ಬೀಗ. ಇಂದು ಬೆಳಿಗ್ಗೆ ಮರಿ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತಿತ್ತು. ನಾನು ಅಡಿಕೆ ಹೆಕ್ಕುತ್ತಾ ನೋಡಿದೆ, ನಿಲ್ಲಲಿಲ್ಲ.

ಬನದಮನೆ | ಫೆಬ್ರವರಿ 21

ನಿನ್ನೆ ಕೋಲ ಚೆನ್ನಾಗಿ ಆಯಿತು. ನಾನು ರಾತ್ರಿ ಪೂರ್ತಿ ಹಿಂದಿನ ಜಗಲಿಯಲ್ಲಿ ಕೂತಿದ್ದೆ. ತಿಂಗಳ ಬೆಳಕು ಅಷ್ಟೇನೂ ಇರಲಿಲ್ಲ. ಮೊದಲ ಕದಿನ ಹೊಡೆದಾಗ ಹೆಣ್ಣು ಒಮ್ಮೆ ಎದ್ದು ನಿಂತದ್ದು ಕಪ್ಪಾಗಿ ಕಂಡಿತು. ಹಾರಲಿಲ್ಲ. ಎರಡನೆಯದಕ್ಕೆ ತಲೆ ಮಾತ್ರ ಎತ್ತಿತು. ಚೆಂಡೆ ಜೋರಾದಾಗ ಏನೂ ಇಲ್ಲ. ಬೆಳಿಗ್ಗೆ 6.15ಕ್ಕೆ ನೋಡಿದರೆ ಮರಿ ಗೂಡಲ್ಲೇ ಉಂಟು. 7 ಗಂಟೆಗೆ ಗಂಡು ತೇಡೆ ಮೀನು ತಂದಿತು.

ಅಳಿವೆಬಾಗಿಲು | ಫೆಬ್ರವರಿ 21

ಕಣ್ಣಲ್ಲಿ ನೀರು ಬಂತು ಅಕ್ಕ.

ಲೆನ್ಸ್ ಹೊಸಂಗಡಿ | ಮಾರ್ಚ್ 1

ಆ ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಗೂಡುಗಳ ಲೊಕೇಶನ್ ತೆಗೆಸಿದೆವು. ಮೂರು ಜನ ಜಗಳ ಮಾಡಿ ಗುಂಪು ಬಿಟ್ಟರು. ನನ್ನ ಒಣಗಿದ ಮೀನಿನ ಎರಡು ಫೋಟೋವನ್ನು ಪಕ್ಕಪಕ್ಕ ಇಟ್ಟು ಹಾಕಿದ್ದೆ, ಜಾಗದ ಹೆಸರಿಲ್ಲದೆ. ಇನ್ನೊಬ್ಬ ತನ್ನ ಹಳೆ ಫೋಟೋ ತೆಗೆದು ನೋಡಿ, ತನ್ನದರಲ್ಲೂ ಹಾಗೆಯೇ ಉಂಟು ಅಂದ. ಅಣ್ಣನ ದೋಣಿಯಲ್ಲಿ ಅಳಿವೆಗೆ ಎರಡು ಸಲ ಹೋದೆ. ಫೋಟೋ ಒಂದೂ ಸರಿ ಬರಲಿಲ್ಲ, ಆದರೆ ನೀರಿನಿಂದ ಮೀನು ಎತ್ತುವುದನ್ನು ಹತ್ತು ಮೀಟರ್ ಹತ್ತಿರದಲ್ಲಿ ನೋಡಿದೆ.

ಬನದಮನೆ | ಮಾರ್ಚ್ 7

ಹಾರಿತು. ನಿನ್ನೆ ಬೆಳಿಗ್ಗೆ 9.20ಕ್ಕೆ. ತಾರೆ ಮರದಿಂದ ಹೊನ್ನೆ ಮರಕ್ಕೆ, ಅಷ್ಟೇ ದೂರ. ಇಳಿಯುವಾಗ ಕೊಂಬು ತಪ್ಪಿ ಎರಡು ಸಲ ರೆಕ್ಕೆ ಬಡಿಯಿತು. ಕಾಗೆಗಳು ಬಂದವು, ತಾಯಿ ಬಂದು ಓಡಿಸಿತು. ಮೂರ್ತೆಯವರು ಮರದ ಮೇಲಿದ್ದರು. ಅವರಿಗೆ ನನಗಿಂತ ಚೆನ್ನಾಗಿ ಕಂಡಿತು. ಇಳಿದು ಬಂದು, ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಆಯ್ತಕ್ಕ, ಹೋಯ್ತು" ಎಂದರು.

ಟೀಚರ್ ಪೈವಳಿಕೆ | ಜೂನ್ 19

ಇಂದು ಮಕ್ಕಳು ಬನದಮನೆಗೆ ಹೋಗಿ ಬಂದರು. ಖಾಲಿ ಗೂಡು ನೋಡಿದರು. ಒಬ್ಬ ಹುಡುಗನಿಗೆ ಕಡಲಹಾವಿನ ಬೆನ್ನೆಲುಬು ಸಿಕ್ಕಿತು, ಮಣಿಸರದ ಹಾಗೆ. ಬರುವ ದಾರಿಯಲ್ಲಿ ಅಳಿವೆಯ ಮೇಲೆ ಒಂದು ಕಂದು ಹದ್ದು ತೇಲುತ್ತಿತ್ತು. ಈ ವರ್ಷದ್ದೇ ಇರಬೇಕು. ಬಸ್ಸಿನ ಕಿಟಕಿಯಿಂದ ಎಲ್ಲರೂ ನೋಡಿದರು, ಬಸ್ಸು ನಿಲ್ಲಿಸಲು ಯಾರೂ ಹೇಳಲಿಲ್ಲ.

ಬನದಮನೆ | ಅಕ್ಟೋಬರ್ 13

ನೋಟ್‌ಬುಕ್ಕಿನ ಹೊಸ ಪುಟ. ಬೆಳಿಗ್ಗೆ 6.40, ಗಂಡು ಒಂದು ಹಸಿ ಕೊಂಬೆ ತಂದಿತು, ಎಲೆ ಸಮೇತ. ಹೆಣ್ಣು ಅದನ್ನು ಕೊಕ್ಕಿನಲ್ಲಿ ಎಳೆದು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಇಟ್ಟಿತು. ಎರಡೂ ಒಟ್ಟಿಗೆ ಕೂಗಿದವು. ಕೆಳಗೆ ಮೀನಿನ ಸ್ಕೂಟರ್, ಮೂರು ಮಕ್ಕಳು, ಒಂದು ನಾಯಿ. ಹಕ್ಕಿ ನೋಡಲಿಲ್ಲ.